ಹೆಸರು ಲೀಗ್, ಆಟ ಮೂರೇ ವಾರ

2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿದರು. ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರದ್ದು. ಅರ್ಹತಾ ಸುತ್ತು ಗೆದ್ದು ಭಾರತ ಏಷ್ಯಾ ಕಪ್‌ಗೆ ಹೋದದ್ದು ಅದೇ ಮೊದಲು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ನಮ್ಮಲ್ಲಿ ಮಹಿಳಾ ಫುಟ್‌ಬಾಲ್ ಲೀಗ್ ಇದೆಯಾ? ಇದೆ. ಯಾವಾಗಿನಿಂದ? ಇಲ್ಲಿಗೆ ಬಂದರೆ ಉತ್ತರ ಗೋಜಲು. 2017 ಅಂದರೂ ಸರಿ, 2023 ಅಂದರೂ ಸರಿ. ಯಾವುದನ್ನು ಲೀಗ್ ಅಂತ ಕರೀತೀರಿ ಅನ್ನೋದರ ಮೇಲೆ ಅದು ನಿಂತಿದೆ.

ಹಳೇ ಕತೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1975ರಲ್ಲಿ ಮಹಿಳೆಯರಿಗೇ ಬೇರೆ ಫೆಡರೇಷನ್ ಹುಟ್ಟಿತು. ಅದೇ ವರ್ಷ ಲಕ್ನೋದಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. 1980 ಮತ್ತು 1983ರಲ್ಲಿ ಭಾರತ ಏಷ್ಯಾದಲ್ಲೇ ಎರಡನೇ ಸ್ಥಾನಕ್ಕೆ ಬಂತು. ಈಗ ಹೇಳಿದರೆ ಅರ್ಧ ಜನ ನಂಬಲ್ಲ. 90ರ ದಶಕದ ಶುರುವಿನಲ್ಲಿ ಈ ಆಟ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೈಗೆ ಬಂತು. ಅಲ್ಲಿಂದ ಮುಂದೆ ವರ್ಷಕ್ಕೊಂದು ರಾಜ್ಯ ತಂಡಗಳ ಟೂರ್ನಿ, ಅಷ್ಟೇ. ಮಣಿಪುರ ಅದನ್ನು 20ಕ್ಕೂ ಹೆಚ್ಚು ಸಲ ಗೆದ್ದಿದೆ. ಚೆನ್ನಾಗಿ ಆಡುವವರಿಗೆ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಕೆಲಸ ಸಿಗುತ್ತಿತ್ತು. ಅದೇ ಅವರ ಆಧಾರ. ಆದರೆ ರಾಷ್ಟ್ರೀಯ ತಂಡಕ್ಕೇ ಪಂದ್ಯಗಳಿರಲಿಲ್ಲ. 18 ತಿಂಗಳಿಗೂ ಜಾಸ್ತಿ ಆಡಿಲ್ಲ ಅಂತ 2009ರಲ್ಲಿ ಫಿಫಾ ನಮ್ಮ ಹೆಸರನ್ನು ರ್‍ಯಾಂಕಿಂಗ್ ಪಟ್ಟಿಯಿಂದಲೇ ತೆಗೆದುಹಾಕಿತು. ಬೆಂಬೆಂ ದೇವಿಯಂಥ ಆಟಗಾರ್ತಿ 2014ರಲ್ಲಿ ಕ್ಲಬ್ ಫುಟ್‌ಬಾಲ್ ಆಡಲು ಮಾಲ್ಡೀವ್ಸ್‌ಗೆ ಹೋದರು. ಅಷ್ಟು ದೊಡ್ಡ ದೇಶದಿಂದ ಅಷ್ಟು ಚಿಕ್ಕ ದ್ವೀಪಕ್ಕೆ.

ಇಂಡಿಯನ್ ವಿಮೆನ್ಸ್ ಲೀಗ್ ಶುರುವಾದದ್ದು ಇದರ ನಂತರ. 2016ರ ಅಕ್ಟೋಬರ್‌ನಲ್ಲಿ ಕಟಕ್‌ನಲ್ಲಿ ಅರ್ಹತಾ ಪಂದ್ಯಗಳು ನಡೆದವು. 2017ರ ಜನವರಿ 28ಕ್ಕೆ ದೆಹಲಿಯ ಅಂಬೇಡ್ಕರ್ ಸ್ಟೇಡಿಯಂನಲ್ಲಿ ಮುಖ್ಯ ಸುತ್ತು ಆರಂಭ. ಇದ್ದದ್ದು 6 ತಂಡ. ಫೆಬ್ರುವರಿ 14ಕ್ಕೆ ಇಂಫಾಲದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ 3-0ರಿಂದ ಫೈನಲ್ ಗೆದ್ದಿತು. ಲೆಕ್ಕ ಹಾಕಿ. 18 ದಿನ. ಫೈನಲ್ ತಲುಪಿದವರಿಗೆ 7 ಪಂದ್ಯ, ಬೇಗ ಹೊರಬಿದ್ದವರಿಗೆ 5. ರಾಷ್ಟ್ರೀಯ ಲೀಗ್ ಅಂದರೆ ಅಷ್ಟೇ.

ಮುಂದಿನ ಕೆಲವು ವರ್ಷ ಇದೇ ಅಚ್ಚು. ಊರು ಮಾತ್ರ ಬದಲು: ಶಿಲ್ಲಾಂಗ್, ಲುಧಿಯಾನ, ಬೆಂಗಳೂರು. ಎಲ್ಲ ತಂಡಗಳನ್ನೂ ಒಂದೇ ಊರಿಗೆ ಕರೆಸುವುದು, ಎರಡು ಮೂರು ದಿನಕ್ಕೊಂದು ಪಂದ್ಯ ಆಡಿಸುವುದು, ಕಪ್ ಕೊಟ್ಟು ಮನೆಗೆ ಕಳಿಸುವುದು. ಖರ್ಚಿನ ಕಡೆಯಿಂದ ನೋಡಿದರೆ ಇದರಲ್ಲಿ ಅರ್ಥವಿದೆ. ಒಂದು ಮೈದಾನ, ಒಂದೇ ಊರಲ್ಲಿ ವಸತಿ. ಇಂಫಾಲದಿಂದ ಮಧುರೈಗೆ, ಮಧುರೈನಿಂದ ಮತ್ತೆಲ್ಲಿಗೋ ತಂಡಗಳನ್ನು ಓಡಾಡಿಸುವಷ್ಟು ದುಡ್ಡು ಆಗ ಯಾರ ಹತ್ತಿರವೂ ಇರಲಿಲ್ಲ. ಅದನ್ನು ಒಪ್ಪಬೇಕು.

ಆದರೆ ಆಡುವವಳ ಕಡೆಯಿಂದ ನೋಡಿ. ಲೀಗ್ ಮೂರು ವಾರದ್ದಾದರೆ ಕ್ಲಬ್ ಅವಳನ್ನು ವರ್ಷಕ್ಕೆ ಯಾಕೆ ಇಟ್ಟುಕೊಳ್ಳುತ್ತದೆ? ಎರಡು ಮೂರು ತಿಂಗಳ ಒಪ್ಪಂದ ಸಾಕು. ಮೊಣಕಾಲಿಗೆ ಪೆಟ್ಟು ಬಿದ್ದು ಹದಿನೈದು ದಿನ ಕೂತರೆ ಅವಳ ಇಡೀ ಸೀಸನ್ನೇ ಮುಗೀತು. ಮೊದಲ ಎರಡು ಪಂದ್ಯ ಸೋತ ತಂಡಕ್ಕೆ ಸುಧಾರಿಸಿಕೊಳ್ಳಲು ಸಮಯವೇ ಇಲ್ಲ. ಇನ್ನೊಂದು ದೊಡ್ಡ ಕೊರತೆ, ತವರು. ಸೇತು ಎಫ್‌ಸಿ 2019ರಲ್ಲಿ ಚಾಂಪಿಯನ್ ಆಯಿತು. ಕಪ್ ಎತ್ತಿದ್ದು ಲುಧಿಯಾನದಲ್ಲಿ. ತಮಿಳುನಾಡಿನ ಅಭಿಮಾನಿ ಅದನ್ನು ಮೈದಾನದಲ್ಲಿ ನೋಡುವುದು ಹೇಗೆ? ತನ್ನೂರಲ್ಲೇ ಆಡದ ತಂಡವನ್ನು ಊರು ತನ್ನದು ಅಂದುಕೊಳ್ಳುವುದು ಕಷ್ಟ ಅಲ್ವಾ?

2020ರಲ್ಲಿ ನಮ್ಮ ಬೆಂಗಳೂರಿನ ಅಶೋಕನಗರದ ಸ್ಟೇಡಿಯಂಗೆ ಸರದಿ ಬಂತು. 12 ತಂಡ, 22 ದಿನ. ಗೋಕುಲಂ ಕೇರಳ ಮತ್ತು ಮಣಿಪುರದ ಕ್ರಿಫ್ಸಾ ನಡುವಿನ ಫೈನಲ್ ನಿಜಕ್ಕೂ ದೊಡ್ಡ ಪಂದ್ಯ. ಗೋಕುಲಂ ಎರಡು ಗೋಲು ಮುಂದಿತ್ತು. ಕ್ರಿಫ್ಸಾ ಎರಡನ್ನೂ ತೀರಿಸಿತು. ಕೊನೆ ನಿಮಿಷಗಳಲ್ಲಿ ನೇಪಾಳದ ಸಬಿತ್ರಾ ಭಂಡಾರಿ ಹೊಡೆದ ಗೋಲಿನಿಂದ 3-2 ಆಯಿತು. ಅಂಥ ಆಟ ಆಡಿದ ಎರಡೂ ತಂಡಗಳು ಮುಂದಿನ ವಾರವೇ ಮತ್ತೆ ಎದುರಾಗಬೇಕಿತ್ತು. ಎದುರಾಗಲಿಲ್ಲ. ಸೀಸನ್ ಮುಗಿದಿತ್ತು. ಆಮೇಲೆ ಕೋವಿಡ್ ಬಂತು, ಮುಂದಿನ ಸೀಸನ್ ರದ್ದಾಯಿತು.

2022ರ ಭುವನೇಶ್ವರದ ಸೀಸನ್‌ನಲ್ಲಿ ಒಂದು ಒಳ್ಳೇ ಕೆಲಸವಾಯಿತು. ಗುಂಪು, ಸೆಮಿಫೈನಲ್ ಎಲ್ಲ ಬಿಟ್ಟು 12 ತಂಡಗಳೂ ಒಂದಕ್ಕೊಂದು ಆಡಿದವು. ಗೋಕುಲಂ 11ಕ್ಕೆ 11 ಗೆದ್ದಿತು. ಏಷ್ಯಾದ ಕ್ಲಬ್ ಟೂರ್ನಿ ಆಡಲು ಆಗಸ್ಟ್‌ನಲ್ಲಿ ತಾಷ್ಕೆಂಟ್‌ಗೂ ಹೋಯಿತು. ಅಷ್ಟರಲ್ಲಿ ಫಿಫಾ ಭಾರತದ ಫೆಡರೇಷನ್ನನ್ನು ಅಮಾನತು ಮಾಡಿತು. ಹುಡುಗಿಯರು ಅಲ್ಲಿಯವರೆಗೆ ಹೋಗಿ ಒಂದೂ ಪಂದ್ಯ ಆಡದೆ ವಾಪಸಾದರು. 26ಕ್ಕೆ ಅಮಾನತು ತೆರವಾಯಿತು. ಆ ಆಡಳಿತದ ಜಗಳ ಉದ್ದದ್ದು, ಇಲ್ಲಿ ಬಿಡಿಸುವುದಿಲ್ಲ. ಆದರೆ ತಪ್ಪು ಯಾರದ್ದೇ ಇರಲಿ, ಬೂಟು ಕಟ್ಟಿಕೊಂಡು ಕಾಯುತ್ತಿದ್ದವರದ್ದಂತೂ ಅಲ್ಲ. ಅದೇ ತಿಂಗಳು ಗೋಕುಲಂನಲ್ಲಿ ಆಡಿದ್ದ ಮನೀಷಾ ಕಲ್ಯಾಣ್ ಸೈಪ್ರಸ್‌ನ ಅಪೊಲೊನ್ ಪರ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿದರು. ಅಲ್ಲಿ ಆಡಿದ ಮೊದಲ ಭಾರತೀಯ ಆಟಗಾರ್ತಿ ಅವರು.

2023ರಲ್ಲಿ ಅಹಮದಾಬಾದ್‌ನಲ್ಲಿ 16 ತಂಡಗಳ ಟೂರ್ನಿ ನಡೆಯಿತು. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ ಫೈನಲ್‌ಗೆ ಹೋಗಿ ಗೋಕುಲಂಗೆ 0-5ರಿಂದ ಸೋತಿತು. ಆ ವರ್ಷವೇ ಎರಡು ಬದಲಾವಣೆಗಳಾದವು. ಒಂದು, ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆ ಇಲ್ಲದಂತೆ ಸಂಬಳ ಕೊಡಬೇಕು ಅನ್ನುವ ತೀರ್ಮಾನ. ತಿಂಗಳಿಗೆ 27 ಸಾವಿರವೂ ಆಗಲ್ಲ. ಆದರೂ ಒಂದು ನೆಲೆ ಅಂತ ಆಯಿತು. ಇನ್ನೊಂದು, ಡಿಸೆಂಬರ್‌ನಿಂದ ಪ್ರತಿ ತಂಡವೂ ತನ್ನೂರಲ್ಲೊಮ್ಮೆ, ಎದುರಾಳಿಯ ಊರಲ್ಲೊಮ್ಮೆ ಆಡುವ ಪದ್ಧತಿ. 7 ತಂಡ, ತಲಾ 12 ಪಂದ್ಯ, ಮಾರ್ಚ್‌ವರೆಗೆ ಆಟ. ಒಡಿಶಾ ಎಫ್‌ಸಿ ಗೆದ್ದಿತು. ನನ್ನನ್ನು ಕೇಳಿದರೆ ಲೀಗ್ ಹುಟ್ಟಿದ್ದು ಆಗ.

ಮುಂದಿನ ಸೀಸನ್‌ಗೆ 8 ತಂಡ, 14 ಪಂದ್ಯ. 2025ರ ಏಪ್ರಿಲ್‌ನಲ್ಲಿ ಈಸ್ಟ್ ಬೆಂಗಾಲ್ ಚಾಂಪಿಯನ್ ಆಯಿತು. ಕೋಚ್ ಬೆಂಗಳೂರಿನ ಆಂಥನಿ ಆಂಡ್ರ್ಯೂಸ್. ಮೂರು ತಿಂಗಳಾದಮೇಲೆ ಚಿಯಾಂಗ್ ಮಾಯ್. ಲೀಗ್‌ನಿಂದಲೇ ಆ ಗೆಲುವು ಬಂತು ಅಂತ ನಾನು ಹೇಳಲ್ಲ. ಆದರೆ ಎರಡು ವರ್ಷ ಕಾಲಿಗೆ ಕೆಲಸ ಇದ್ದವರ ಆಟ ಬೇರೆಯೇ ಇರುತ್ತದೆ.

ಉಳಿದದ್ದು ಬಹಳ ಇದೆ. ಗಂಡಸರ ದೊಡ್ಡ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಆ ಸೀಸನ್ 13 ಕ್ಲಬ್ ಇದ್ದವು. ಅವುಗಳಲ್ಲಿ ಮಹಿಳಾ ಲೀಗ್‌ಗೆ ತಂಡ ಇಳಿಸಿದ್ದು ಎರಡೇ, ಒಡಿಶಾ ಮತ್ತು ಈಸ್ಟ್ ಬೆಂಗಾಲ್. 14 ಪಂದ್ಯ ಮುಗಿದರೆ ಉಳಿದ ತಿಂಗಳುಗಳಲ್ಲಿ ಹುಡುಗಿ ಎಲ್ಲಿ ಆಡಬೇಕು ಅನ್ನುವ ಪ್ರಶ್ನೆ ಹಾಗೇ ಇದೆ. ಇನ್ನು ಮಣಿಪುರ. ಯಾವ ತಂಡದ ಪಟ್ಟಿ ತೆಗೆದರೂ ಅಲ್ಲಿನ ಹೆಸರುಗಳು ಸಿಗುತ್ತವೆ. ಮೊದಲ ಚಾಂಪಿಯನ್ ಅಲ್ಲಿಯದು. ಊರೂರಲ್ಲಿ ಲೀಗ್ ಆಡಿದ ಆ ಎರಡು ಸೀಸನ್‌ಗಳಲ್ಲಿ ಮಣಿಪುರದ ಒಂದು ಕ್ಲಬ್ಬೂ ಇರಲಿಲ್ಲ. ಇಂಫಾಲದಲ್ಲಿ ಒಂದು ಪಂದ್ಯವೂ ನಡೆಯಲಿಲ್ಲ.