ಬಿಎಸ್-4 ಹೋಯಿತು, ಬಿಎಸ್-3 ಉಳಿಯಿತು

ಪುಣೆಯ ಹಿಂಜವಡಿಯಲ್ಲಿ ಗಾಡಿಗಳ ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರುಗಳಾದ ಇಸಿಯುಗಳಿಗೆ ಸಿ ಭಾಷೆಯಲ್ಲಿ ಕೋಡ್ ಬರೆಯುವ ಕಚೇರಿಗಳು ಬೇಕಾದಷ್ಟಿವೆ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ಹುಡುಗ ಹುಡುಗಿಯರು ಅಲ್ಲಿ ಎಷ್ಟಿದ್ದಾರೆಂದರೆ, ನಮ್ಮ ಕ್ಯಾಂಟೀನಿನ ಒಂದು ಮೇಜಿಗೆ 'ಕನ್ನಡ ಕಟ್ಟಿ' ಅಂತಲೇ ಹೆಸರು ಬಿದ್ದಿತ್ತು. 2021ರಲ್ಲಿ ನನ್ನ ಕೈಗೆ ಬಂದ ಒಂದು ಹಳೆಯ ಫೈಲನ್ನು ತೆರೆದರೆ, 'ಇಫ್‌ಡೆಫ್ ಬಿಎಸ್3' ಎಂಬ ಸಾಲು ಹನ್ನೊಂದು ಕಡೆ, 'ಇಫ್‌ಡೆಫ್ ಬಿಎಸ್4' ಅದರ ಮೂರು ಪಟ್ಟು. ಬಿಎಸ್ ಎಂದರೆ ಭಾರತ್ ಸ್ಟೇಜ್, ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿ. ಇಫ್‌ಡೆಫ್ ಎಂದರೆ 'ಈ ಹೆಸರು ಇದ್ದರೆ ಮಾತ್ರ ಕೆಳಗಿನ ಸಾಲು' ಎಂಬ ಷರತ್ತು. ದೇಶದಲ್ಲಿ ಬಿಎಸ್-4 ಹೊಸ ಗಾಡಿಗಳ ಮಾರಾಟ ನಿಂತು ವರ್ಷವಾಗಿತ್ತು, ಬಿಎಸ್-3 ನಿಂತು ನಾಲ್ಕು ವರ್ಷ. ಕನ್ನಡ ಕಟ್ಟಿಯ ಹಿರಿಯರನ್ನು ಕೇಳಿದೆ, "ಸರ್, ಇವನ್ನ ತೆಗೀಲೇನ್ರೀ?"

"ಮುಟ್ಟಬ್ಯಾಡೋ ತಮ್ಮಾ. ನಡದೈತಿ, ನಡೀಲಿ."

ಆ ಸಾಲುಗಳು ಅಲ್ಲಿಗೆ ಬಂದದ್ದು ಯಾರ ಸೋಮಾರಿತನದಿಂದಲೂ ಅಲ್ಲ. 2010ರ ಏಪ್ರಿಲ್‌ನಲ್ಲಿ ಬಿಎಸ್-4 ಜಾರಿಯಾದಾಗ ಅದು ಕಾರುಗಳಂಥ ನಾಲ್ಕು ಚಕ್ರದ ಗಾಡಿಗಳಿಗೆ, ಅದೂ 13 ನಗರಗಳಲ್ಲಿ ಮಾತ್ರ ಇತ್ತು. ಮುಂಬೈ, ಪುಣೆ, ಬೆಂಗಳೂರು ಅದರಲ್ಲಿದ್ದವು, ಸೊಲ್ಲಾಪುರವೂ ಇತ್ತು. ಪಕ್ಕದ ಸಾತಾರಾಕ್ಕೆ ಬಿಎಸ್-3ರ ಮಿತಿಯೇ ಸಾಕಾಗಿತ್ತು. ಒಂದೇ ಎಂಜಿನ್, ಊರು ಬದಲಾದರೆ ಹೊಗೆಯ ಲೆಕ್ಕ ಬೇರೆ. ಎರಡು ಪ್ರತ್ಯೇಕ ಕೋಡ್ ಸಾಕುವುದಕ್ಕಿಂತ ಒಂದರಲ್ಲೇ ಎರಡು ದಾರಿ ಇಡುವುದು ಸುಲಭ. 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-4, ನಂತರ ಐದನ್ನು ಹಾರಿ 2020ರ ಏಪ್ರಿಲ್ 1ರಿಂದ ಬಿಎಸ್-6. ಪ್ರತಿ ಸಲವೂ ಹೊಸ ದಾರಿ ಸೇರಿತು, ಹಳೆಯದನ್ನು ಯಾರೂ ಮುಚ್ಚಲಿಲ್ಲ.

ಮುಚ್ಚದಿದ್ದರೆ ಗಾಡಿಗೇನೂ ನಷ್ಟವಿಲ್ಲ, ಅದೇ ತೊಂದರೆ. ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅದನ್ನು ಓದುವ ಮೊದಲು ಪ್ರಿಪ್ರಾಸೆಸರ್ ಓದುತ್ತದೆ. ಇಫ್‌ಡೆಫ್ ಮುಂದಿನ ಹೆಸರು ಘೋಷಣೆಯಾಗಿದ್ದರೆ ಕೆಳಗಿನ ಸಾಲುಗಳನ್ನು ಮುಂದಕ್ಕೆ ಕಳಿಸುತ್ತದೆ, ಇಲ್ಲದಿದ್ದರೆ ಅಲ್ಲೇ ಬಿಸಾಡುತ್ತದೆ. ಸತ್ತ ಸಾಲು ಗಾಡಿಯ ಚಿಪ್‌ವರೆಗೆ ಹೋಗುವುದೇ ಇಲ್ಲ. ಭಾರ ಬೀಳುವುದು ಓದುವವನ ತಲೆಗೆ.

ಈ ಸೌಲಭ್ಯ ಸಿ ಜೊತೆಗೇ ಹುಟ್ಟಿದ್ದಲ್ಲ. ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ ತಾವೇ ಬರೆದಿರುವಂತೆ, 1972-73ರ ಹೊತ್ತಿಗೆ ಅಲನ್ ಸ್ನೈಡರ್ ಅವರ ಒತ್ತಾಯವೂ ಸೇರಿ ಪ್ರಿಪ್ರಾಸೆಸರ್ ಬಂತು. ಮೊದಲಿಗೆ ಅದು ಬೇರೆ ಫೈಲ್ ಸೇರಿಸುತ್ತಿತ್ತು, ಹೆಸರಿನ ಬದಲು ಪಠ್ಯ ಇಡುತ್ತಿತ್ತು, ಅಷ್ಟೇ. ಷರತ್ತಿನ ಕಂಪೈಲಿಂಗ್ ಸೇರಿದ್ದು ಆಮೇಲೆ, ಮೈಕ್ ಲೆಸ್ಕ್ ಮತ್ತು ಜಾನ್ ರೈಸರ್ ಕೈಯಲ್ಲಿ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಒಂದು ಯಂತ್ರ ಬಿಟ್ಟು ಹತ್ತಾರು ಯಂತ್ರಗಳಿಗೆ ಹೋದಾಗ ಇಫ್‌ಡೆಫ್ ಜೊತೆಯಲ್ಲೇ ಹೋಯಿತು.

ಇಂಥ ಸತ್ತ ಸಾಲುಗಳನ್ನು ಗುಡಿಸುವ ಪೊರಕೆ ಬರಲು ಬಹಳ ಕಾಲ ಬೇಕಾಗಲಿಲ್ಲ. ಡೇವ್ ಯೋಸ್ಟ್ ಬರೆದ 'ಅನ್‌ಇಫ್‌ಡೆಫ್' 1980ರ ದಶಕದ ಮೊದಲ ಭಾಗದಲ್ಲಿ, ಬರ್ಕ್ಲಿಯ 2.9 ಬಿಎಸ್‌ಡಿ ಯುನಿಕ್ಸ್‌ನಲ್ಲಿ ಕಾಣಿಸಿಕೊಂಡಿತು. ಪ್ರಿಪ್ರಾಸೆಸರನ್ನೇ ಓಡಿಸಿ ಅದರ ಫಲಿತಾಂಶ ಇಟ್ಟುಕೊಂಡರಾಗದೇ ಎಂದು ಹೊಸಬರು ಕೇಳುತ್ತಾರೆ. ಆಗದು. ಅದು ಪಠ್ಯದ ಬದಲು ಇಟ್ಟ ಹೆಸರುಗಳನ್ನೆಲ್ಲ, ಅಂದರೆ ಮ್ಯಾಕ್ರೋಗಳನ್ನು, ಬಿಡಿಸುತ್ತದೆ, ಸೇರಿಸಿದ ಫೈಲುಗಳನ್ನೆಲ್ಲ ತಂದು ಸುರಿಯುತ್ತದೆ, ಟಿಪ್ಪಣಿಗಳನ್ನು ನುಂಗುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿ ಕೊಡಿ ಎಂದರೆ ಬೀಸಿ ಹಿಟ್ಟು ತಂದುಕೊಟ್ಟ ಹಾಗೆ. ಅನ್‌ಇಫ್‌ಡೆಫ್‌ಗೆ 'ಬಿಎಸ್4 ಇಲ್ಲ' ಎಂದು ಹೇಳಿದರೆ ಆ ಹೆಸರಿಗೆ ಸಂಬಂಧಪಟ್ಟ ಸಾಲುಗಳನ್ನಷ್ಟೇ ಎತ್ತಿ, ಉಳಿದ ಫೈಲಿನ ಒಂದು ಖಾಲಿ ಜಾಗವನ್ನೂ ಅಲುಗಿಸುವುದಿಲ್ಲ. ಅದರ ಲೆಕ್ಕದಲ್ಲಿ ಹೌದು, ಅಲ್ಲ ಎಂಬೆರಡರ ಜೊತೆ 'ಗೊತ್ತಿಲ್ಲ' ಎಂಬ ಮೂರನೆಯ ಉತ್ತರವೂ ಇದೆ. 'ಬಿಎಸ್4 ಮತ್ತು ಡೀಸೆಲ್' ಎಂಬ ಷರತ್ತು ಸಿಕ್ಕರೆ, ಡೀಸೆಲ್ ವಿಷಯ ತಿಳಿಯದಿದ್ದರೂ ಒಟ್ಟು ಸುಳ್ಳೆಂದು ತೆಗೆಯುತ್ತದೆ. 'ಬಿಎಸ್4 ಅಥವಾ ಡೀಸೆಲ್' ಎಂದಿದ್ದರೆ ಕೈ ಹಚ್ಚದೆ ಬಿಟ್ಟುಬಿಡುತ್ತದೆ. 'ಇಫ್ ಸೊನ್ನೆ' ಎಂದು ಬರೆದು ಮುಚ್ಚಿಟ್ಟ ಸಾಲುಗಳನ್ನೂ, ಬೇರೆಯಾಗಿ ಕೇಳದ ಹೊರತು, ಮುಟ್ಟುವುದಿಲ್ಲ. ಅವನ್ನು ಜನ ಟಿಪ್ಪಣಿಯಂತೆ ಬಳಸುತ್ತಾರೆಂದು ಅದಕ್ಕೆ ಗೊತ್ತು. ಕಂಪ್ಯೂಟರ್ ಸಾಧನಗಳಲ್ಲಿ ನಾನು ಕಂಡ ಅಪರೂಪದ ಸಂಕೋಚ ಇದು.

1992ರಲ್ಲಿ ಹೆನ್ರಿ ಸ್ಪೆನ್ಸರ್, ಜೆಫ್ ಕಾಲಿಯರ್ ಎಂಬಿಬ್ಬರು ಇಫ್‌ಡೆಫ್ ಹಾನಿಕರ ಎಂಬ ಹೆಸರಿನಲ್ಲೇ ಪ್ರಬಂಧ ಮಂಡಿಸಿದರು. ವ್ಯತ್ಯಾಸಗಳನ್ನು ಕೋಡಿನ ನಡುನಡುವೆ ತುರುಕಬೇಡಿ, ಬೇರೆ ಫೈಲುಗಳಲ್ಲಿಟ್ಟು ಒಂದೇ ಬಾಗಿಲಿಂದ ಕರೆಯಿರಿ ಎಂಬುದು ಅವರ ಮಾತು. ಎಲ್ಲರೂ ಒಪ್ಪಿ ತಲೆಯಾಡಿಸಿದರು, ಬರೆಯುವುದನ್ನು ನಿಲ್ಲಿಸಲಿಲ್ಲ. 2002ರಲ್ಲಿ ಟೋನಿ ಫಿಂಚ್ ಅನ್‌ಇಫ್‌ಡೆಫ್‌ಗೆ ಸಿ ಭಾಷೆಯ ಪ್ರಮಾಣಿತ ರೂಪವಾದ ಆನ್ಸಿ ಸಿ ಕಲಿಸಿದರು. ಲಿನಕ್ಸ್ ಕರ್ನಲ್ ತನ್ನ ಹೆಡರ್ ಫೈಲುಗಳನ್ನು, ಅಂದರೆ ಬೇರೆ ಕೋಡು ಸೇರಿಸಿಕೊಳ್ಳುವ ಘೋಷಣೆಗಳ ಫೈಲುಗಳನ್ನು, ಹೊರಗಿನವರಿಗೆ ಕೊಡುವಾಗ ಒಳಮನೆಯ ಸಾಲುಗಳನ್ನು ಸೋಸಲು ಇದನ್ನೇ ಬಳಸಿತು. ಮುಂದೆ 2012ರಲ್ಲಿ, 3.7ನೇ ಆವೃತ್ತಿಯ ಹೊತ್ತಿಗೆ, ಆ ಹೆಡರ್‌ಗಳನ್ನೇ ಒಳಗಿನವು ಹೊರಗಿನವು ಎಂದು ಬೇರ್ಪಡಿಸಿದರು. ಸೋಸುವ ಕೆಲಸ ಕಡಿಮೆಯಾಯಿತು. ಸ್ಪೆನ್ಸರ್ ಮತ್ತು ಕಾಲಿಯರ್ ಹೇಳಿದ್ದು ಇಂಥದ್ದನ್ನೇ, ಇಪ್ಪತ್ತು ವರ್ಷ ಮೊದಲು.

ಅತ್ತ 'ಅಥವಾ' ಬಂದಾಗಲೂ ಷರತ್ತನ್ನು ಮೊಟಕು ಮಾಡಬಲ್ಲ ಸುನಿಫ್‌ಡೆಫ್, ಅದರ ಮುಂದಿನ ರೂಪವಾದ ಕೋನ್ ಬಂದವು. ಕೋನ್ ತನ್ನನ್ನು ಪ್ರಿಪ್ರಾಸೆಸರಿನ ಯಂತ್ರಗರಗಸ ಎಂದು ಕರೆದುಕೊಂಡಿತು. ಗರಗಸ ಎಂದ ಮೇಲೆ ನಾನು ದೂರವೇ ನಿಂತೆ.

ಇಫ್‌ಡೆಫ್‌ನ ಎರಡೂ ಮುಖ ಒಟ್ಟಿಗೆ ಕಂಡದ್ದು 2014ರ ಏಪ್ರಿಲ್‌ನಲ್ಲಿ. ಅಂತರಜಾಲದ ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ತಕ್ಷಣ ಹೊಸ ಆವೃತ್ತಿ ಹಾಕಲಾಗದವರಿಗೆ ಸಿಕ್ಕ ಸಲಹೆ ಏನು? ಹಾರ್ಟ್‌ಬೀಟ್ ಬೇಡ ಎಂಬ ಒಂದು ಹೆಸರು ಘೋಷಿಸಿ ಮತ್ತೆ ಕಂಪೈಲ್ ಮಾಡಿ ಎಂಬುದು. ದೋಷವಿದ್ದ, ಸಂಪರ್ಕ ಇನ್ನೂ ಇದೆಯೇ ಎಂದು ನೋಡುವ ಆ ಭಾಗ ಇಫ್‌ಡೆಫ್ ಬೇಲಿಯೊಳಗಿತ್ತು, ಬಾಗಿಲು ಹಾಕಿದರೆ ಮುಗಿಯಿತು. ಅದೇ ತಿಂಗಳು ಓಪನ್‌ಬಿಎಸ್‌ಡಿಯವರು ಆ ಕೋಡಿನ ಕವಲೊಡೆದು ಲಿಬ್ರೆಎಸ್‌ಎಸ್‌ಎಲ್ ಆರಂಭಿಸಿದರು. ಹಳೆಯ ಮ್ಯಾಕ್, ನೆಟ್‌ವೇರ್, 16 ಬಿಟ್ ವಿಂಡೋಸ್‌ಗಾಗಿ ಇದ್ದ ಬೇಲಿಗಳನ್ನೆಲ್ಲ ಕಿತ್ತರು. ಮೊದಲ ವಾರದಲ್ಲೇ 90,000ಕ್ಕೂ ಹೆಚ್ಚು ಸಾಲು ಹೋದವು.

ನಮ್ಮ ಹಿಂಜವಡಿಯ ಫೈಲಿಗೆ ಆ ಧೈರ್ಯ ಬರಲು, ನಾನು ಹಿರಿಯರನ್ನು ಕೇಳಿದ ಮೇಲೆ, ಇನ್ನೊಂದು ವರ್ಷ ಬೇಕಾಯಿತು. ಒಪ್ಪಿಗೆ ಸಿಕ್ಕ ದಿನ ಅನ್‌ಇಫ್‌ಡೆಫ್ ಅನ್ನು ಕೋಡನ್ನು ಕಂಪೈಲ್ ಮಾಡಿಸುವ ಬಿಲ್ಡ್ ಸ್ಕ್ರಿಪ್ಟಿಗೆ ಸೇರಿಸಿದೆ, ಮೊದಲ ಫೈಲಿಗೇ ಎಲ್ಲ ನಿಂತಿತು. ಅರ್ಧ ದಿನ ಹುಡುಕಿದ ಮೇಲೆ ತಿಳಿದದ್ದು: ಫೈಲು ಬದಲಾಗದಿದ್ದರೆ ಅದು 0 ಹಿಂತಿರುಗಿಸುತ್ತದೆ, ಬದಲಾದರೆ 1, ನಿಜವಾದ ತೊಂದರೆಗೆ 2. ಬಿಲ್ಡ್ ನಡೆಸುವ ಮೇಕ್ ಎಂಬ ಮಹಾಶಯನಿಗೆ ಸೊನ್ನೆಯಲ್ಲದ್ದೆಲ್ಲ ಸೋಲು. ಕೆಲಸ ಸರಿಯಾಗಿ ಆದದ್ದೇ ತಪ್ಪಾಗಿತ್ತು. ಕೈಪಿಡಿ ಮೊದಲು ಓದಬೇಕಿತ್ತು, ಬಿಡಿ.

ತೆಗೆದದ್ದು ಸತ್ತ ಸಾಲೇ ಎಂದು ತೋರಿಸಲು ಕಂಪೈಲರ್ ಕೊಡುವ ಹಿಂದಿನ ಮತ್ತು ನಂತರದ ಆಬ್ಜೆಕ್ಟ್ ಫೈಲುಗಳನ್ನು ಹೋಲಿಸಿದೆವು. ಹೊಂದಲಿಲ್ಲ. ತಪ್ಪು ಹಿಡಿಯಲು ಕೋಡಿನೊಳಗೆ ಇಡುವ ಅಸರ್ಟ್‌ಗಳು ಸಾಲಿನ ಸಂಖ್ಯೆಯನ್ನು ಒಳಗೆ ಬರೆದುಕೊಳ್ಳುತ್ತವೆ, ಮೇಲಿನ ಸಾಲು ಹೋದರೆ ಸಂಖ್ಯೆ ಜಾರುತ್ತದೆ. ತೆಗೆದ ಸಾಲಿನ ಜಾಗದಲ್ಲಿ ಖಾಲಿ ಸಾಲು ಬಿಡುವ 'ಬಿ' ಆಯ್ಕೆ ಇರುವುದು ಇಂಥದ್ದಕ್ಕೇ. ಹಾಗೆ ಓಡಿಸಿದಾಗ ಬೈಟಿಗೆ ಬೈಟ್ ಸರಿಹೋಯಿತು. ಆಮೇಲೆ ಖಾಲಿ ಸಾಲುಗಳನ್ನು ಅಳಿಸಿದೆವು. ಬಿಎಸ್-4 ಹೀಗೆ ಹೋಯಿತು. ರಸ್ತೆಯಲ್ಲಿರುವ ಹಳೆಯ ಗಾಡಿಗಳಿಗೆ ಬೇಕಾದ ಕೋಡ್, ಹಳೆಯ ರೂಪಗಳನ್ನೆಲ್ಲ ಕಾಯ್ದಿಡುವ ಗಿಟ್‌ನ ಹಳೆಯ ಕವಲಿನಲ್ಲಿ ಹಾಗೇ ಇದೆ.

ಬಿಎಸ್-3 ಸುಲಭ ಎಂದುಕೊಂಡಿದ್ದೆ. ಓಡಿಸುವ ಮೊದಲು, ಆ ಹೆಸರನ್ನು ಯಾರಾದರೂ ಇನ್ನೂ ಘೋಷಿಸುತ್ತಾರೆಯೇ ಎಂದು ಬಿಲ್ಡ್ ಫೈಲುಗಳಲ್ಲೆಲ್ಲ ಹುಡುಕಿದೆ. ಒಂದೇ ಕಡೆ ಇತ್ತು: ಹಳೆಯ ಮಿತಿಯೇ ಚಾಲ್ತಿಯಲ್ಲಿರುವ ದೇಶವೊಂದಕ್ಕೆ ರಫ್ತಾಗುವ ಗಾಡಿಯ ಬಿಲ್ಡ್. ಹಿರಿಯರ ಹತ್ತಿರ ಹೋಗಿ ಹೇಳಿದೆ.

"ನಾ ಏನ್ ಹೇಳಿದ್ನೋ ತಮ್ಮಾ?" ಎಂದು ನಕ್ಕರು. ಅವರಿಗೂ ರಫ್ತಿನ ವಿಷಯ ಗೊತ್ತಿರಲಿಲ್ಲ ಎಂಬುದನ್ನು ಇಬ್ಬರೂ ಎತ್ತಲಿಲ್ಲ. ಹನ್ನೊಂದು ಸಾಲುಗಳ ಪೈಕಿ ಮೊದಲನೆಯದರ ಮೇಲೆ ಯಾವ ಬಿಲ್ಡಿಗೆ ಬೇಕು ಎಂದು ಟಿಪ್ಪಣಿ ಬರೆದು ಫೈಲು ಮುಚ್ಚಿದೆ.