ವಯಸ್ಸು ಕೇಳುತ್ತಾರೆ, ಅಜ್ಜಿಯನ್ನು ಕೇಳುವುದಿಲ್ಲ

‘ಈ ವಯಸ್ಸಲ್ಲಿ ಕೀಮೋ ಎಲ್ಲ ಯಾಕೆ, ನೆಮ್ಮದಿಯಾಗಿ ಇದ್ದುಬಿಡಲಿ.’ ಎಪ್ಪತ್ತು ದಾಟಿದವರಿಗೆ ಕ್ಯಾನ್ಸರ್ ಅಂತ ಗೊತ್ತಾದ ದಿನವೇ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈ ಮಾತು ಬರುತ್ತದೆ, ಅದೂ ಅಜ್ಜಿ ಪಕ್ಕದ ಕೋಣೆಯಲ್ಲೇ ಇರುವಾಗ. ಅವರಿಗೆ ಹೇಳಿರುವುದು ‘ಸಣ್ಣ ಗಡ್ಡೆ’ ಅಂತ. ರಿಪೋರ್ಟ್ ಮಗನ ಕೈಯಲ್ಲಿ, ಡಾಕ್ಟರ್ ಮಾತಾಡುವುದೂ ಮಗನ ಜೊತೆ. ತಟ್ಟೆ ಲೋಟ ಬೇರೆ ಇಡುವವರು ಈಗಲೂ ಇದ್ದಾರೆ. ಇದು ಅಂಟುವ ಕಾಯಿಲೆ ಅಲ್ಲ ಅಂತ ಇನ್ನೆಷ್ಟು ಸಲ ಹೇಳಬೇಕೋ!

ಅರವತ್ತಕ್ಕೆ ಅರಳು ಮರಳು ಅಂತ ನಗುವ ನಮಗೆ ಇದು ವಯಸ್ಸಿನ ತಾರತಮ್ಯ ಅಂತ ಹೊಳೆಯುವುದೇ ಇಲ್ಲ. ‘ಏಜಿಸಂ’ ಅಂತ ಇದಕ್ಕೆ ಹೆಸರು ಕೊಟ್ಟದ್ದು ಅಮೆರಿಕದ ಡಾಕ್ಟರ್ ರಾಬರ್ಟ್ ಬಟ್ಲರ್, 1969ರಲ್ಲಿ. ಆಗ ಬೆಂಗಳೂರಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೇ ಇರಲಿಲ್ಲ, ಅದು ಶುರುವಾದದ್ದು 1973ರಲ್ಲಿ.

ಆದರೆ ತಪ್ಪೆಲ್ಲ ಮನೆಯವರದ್ದಲ್ಲ. ವಯಸ್ಸು ಏರಿದ ಹಾಗೆ ಕ್ಯಾನ್ಸರ್ ಜಾಸ್ತಿ, ಇದು ಎಲ್ಲರಿಗೂ ಗೊತ್ತು. ಆದರೂ ಔಷಧಿಗಳನ್ನು ಪರೀಕ್ಷಿಸಿದ್ದು ಹೆಚ್ಚಾಗಿ ಕಿರಿಯರ ಮೇಲೆ. 1999ರ ಒಂದು ಅಧ್ಯಯನ ಲೆಕ್ಕ ಹಾಕಿ ತೋರಿಸಿತು: ಅಮೆರಿಕದ ಕ್ಯಾನ್ಸರ್ ರೋಗಿಗಳಲ್ಲಿ 65 ದಾಟಿದವರು ನೂರಕ್ಕೆ 63, ಅಧ್ಯಯನಕ್ಕೆ ತೆಗೆದುಕೊಂಡ ಔಷಧ ಪ್ರಯೋಗಗಳಲ್ಲಿ ಬರೀ 25. ಪ್ರಯೋಗಕ್ಕೆ ಸೇರಿಸದಿದ್ದರೆ ಅವರು ಎಷ್ಟು ಡೋಸ್ ತಡೆಯುತ್ತಾರೆ ಅಂತ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದ್ದಕ್ಕೆ ಭಯ, ಭಯಕ್ಕೆ ಅರ್ಧ ಡೋಸ್, ಇಲ್ಲವೇ ಏನೂ ಬೇಡ ಅನ್ನುವ ಸಲಹೆ.

ಭಯ ಸುಳ್ಳೇನಲ್ಲ. ಮೂತ್ರಪಿಂಡ ದಣಿದಿರುತ್ತದೆ, ಬಿಪಿ ಶುಗರ್ ಮಾತ್ರೆ ಆಗಲೇ ಏಳೆಂಟು ನಡೆಯುತ್ತಿರುತ್ತವೆ. ಆದರೆ 75ರ ಒಬ್ಬರು ಲಾಲ್‌ಬಾಗ್‌ನಲ್ಲಿ ದಿನಾ ಸುತ್ತು ಹಾಕುತ್ತಾರೆ, ಅದೇ ವಯಸ್ಸಿನ ಇನ್ನೊಬ್ಬರನ್ನು ಬಚ್ಚಲಿಗೂ ಕೈ ಹಿಡಿದು ಕರೆದೊಯ್ಯಬೇಕು. ಇಬ್ಬರಿಗೂ ಒಂದೇ ಉತ್ತರ ಹೇಗೆ? ನಡಿಗೆ, ನೆನಪು, ಊಟ, ಮಾತ್ರೆಗಳು, ಮನೆಯಲ್ಲಿ ಯಾರಿದ್ದಾರೆ, ಇದನ್ನೆಲ್ಲ ನೋಡಿ ಚಿಕಿತ್ಸೆ ನಿರ್ಧರಿಸುವ ಕ್ರಮ ಇದೆ, ಜೀರಿಯಾಟ್ರಿಕ್ ಅಸೆಸ್‌ಮೆಂಟ್ ಅಂತ. ಕಾಯಿಲೆ ಮುಂದುವರಿದಿದ್ದ, 70 ದಾಟಿದವರ ಮೇಲೆ ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ವಿವರ ಡಾಕ್ಟರ ಕೈಗೆ ಕೊಟ್ಟಾಗ ತೀವ್ರ ಅಡ್ಡಪರಿಣಾಮ ನೂರಕ್ಕೆ 71ರಿಂದ 51ಕ್ಕೆ ಇಳಿಯಿತು.

ಇನ್ನು ದುಡ್ಡು. 65 ದಾಟಿದವರಿಗೂ ಹೊಸ ಆರೋಗ್ಯ ವಿಮೆ ಕೊಡಬೇಕು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2024ರಲ್ಲಿ. ಪ್ರೀಮಿಯಂ ಕೇಳಿದರೆ ಎದೆ ಝಲ್ ಅನ್ನುತ್ತದೆ, ಅದು ಬೇರೆ ಮಾತು.

ಕೊನೆಗೆ ಅಜ್ಜಿಯೇ ಹೇಳಿಬಿಡುತ್ತಾರೆ: ‘ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ, ನನಗ್ಯಾಕಪ್ಪ ಇಷ್ಟು ಖರ್ಚು?’ ಮಗ ತಲೆಯಾಡಿಸುತ್ತಾನೆ. ಅವರಿಗೆ ಗೊತ್ತಿರುವುದು ಇನ್ನೂ ಸಣ್ಣ ಗಡ್ಡೆ ಅಂತಷ್ಟೇ.