ಸವೆದ ಬಟನ್ ಎಲ್ಲಿಗೆ ಹೋಗುತ್ತದೆ?

ಬೋರ್‌ವೆಲ್ ಲಾರಿ ಬಂದಾಗ ಅದರ ಬಿಟ್ ಅನ್ನು ಹತ್ತಿರದಿಂದ ನೋಡಿದ್ದೀರಾ? ಉಕ್ಕಿನ ದಪ್ಪ ಮೂತಿ, ಅದರ ತುಂಬ ಉರುಟು ಬಟನ್‌ಗಳು. ಬಂಡೆಯನ್ನು ಪುಡಿ ಮಾಡುವ ಕೆಲಸ ಈ ಬಟನ್‌ಗಳದ್ದೇ. ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಅಷ್ಟೇ ಗಾತ್ರದ ಕಬ್ಬಿಣದ ಎರಡರಷ್ಟು ಭಾರ. ಅದು ಟಂಗ್‌ಸ್ಟನ್ ಕಾರ್ಬೈಡ್. ಗಣಿಗಳಲ್ಲೂ ಇದೇ ಜಾತಿಯ ಬಿಟ್. ಸವೆದ ಬಟನ್‌ನಿಂದ ಹೊಸ ಬಟನ್ ಮಾಡಿದರೆ ಬಾಳಿಕೆ ಬರುತ್ತಾ? ಪ್ರಶ್ನೆ ಹಳೇದು, ಈಗ ಗೋಜಲು ಜಾಸ್ತಿಯಾಗಿದೆ.

ಶುರುವಾಗಿದ್ದು ಬಲ್ಬಿನಿಂದ. ಫಿಲಮೆಂಟ್ ತಂತಿ ಎಳೆಯುವ ಅಚ್ಚಿಗೆ ವಜ್ರ ದುಬಾರಿ ಆಗಿತ್ತು. ಜರ್ಮನಿಯ ಓಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್ ಕಾರ್ಬೈಡ್ ಪುಡಿಗೆ ಕೋಬಾಲ್ಟ್ ಬೆರೆಸಿ, ಒತ್ತಿ, ಸುಟ್ಟು ಗಟ್ಟಿ ಮಾಡಿದರು. 1923ರಲ್ಲಿ ಪೇಟೆಂಟ್‌ಗೆ ಅರ್ಜಿ ಹೋಯಿತು. ಕ್ರುಪ್ ಕಂಪನಿ ಅದನ್ನು 'ವಿಡಿಯಾ' ಅಂತ ಮಾರಿತು. 'ವಜ್ರದ ಹಾಗೆ' ಅನ್ನುವ ಜರ್ಮನ್ ಮಾತನ್ನು ಮೊಟಕು ಮಾಡಿದ ಹೆಸರದು. ನಮ್ಮ ವರ್ಕ್‌ಶಾಪ್‌ಗಳಲ್ಲಿ ಈಗಲೂ ಯಾವ ಕಂಪನಿಯ ಕಾರ್ಬೈಡ್ ತುದಿಯನ್ನೂ ವಿಡಿಯಾ ಅನ್ನುವವರಿದ್ದಾರೆ. ಯುದ್ಧ ಬಂತು, ಹೋಯಿತು, ಗಣಿ ಕ್ವಾರಿಗಳಿಗೆಲ್ಲ ಕಾರ್ಬೈಡ್ ನುಗ್ಗಿತು, 1970ರ ದಶಕ ಬಂತು.

ಆಗ ಅಮೆರಿಕದ ಗಣಿ ಇಲಾಖೆಯ ಪ್ರಯೋಗಾಲಯಗಳಲ್ಲಿ ಬೆಳೆದದ್ದು ಸತುವಿನ ವಿಧಾನ. ಹಳೇ ಬಟನ್‌ಗಳನ್ನು ಸುಮಾರು 900 ಡಿಗ್ರಿಯಲ್ಲಿ ಕರಗಿದ ಸತುವಿನೊಳಗೆ ಮುಳುಗಿಸಿ ಇಡುತ್ತಾರೆ. ಸತು ಒಳಗಿನ ಕೋಬಾಲ್ಟ್ ಜೊತೆ ಸೇರುತ್ತದೆ. ಬಟನ್ ರಾತ್ರಿ ನೆನೆಹಾಕಿದ ಕಡಲೆಯ ಹಾಗೆ ಉಬ್ಬಿಕೊಳ್ಳುತ್ತದೆ. ಆಮೇಲೆ ನಿರ್ವಾತದಲ್ಲಿ ಸತುವನ್ನು ಆವಿ ಮಾಡಿ ತೆಗೆದರೆ ಸ್ಪಂಜಿನಂಥ ಗಟ್ಟಿ ಉಳಿಯುತ್ತದೆ. ಕುಟ್ಟಿದರೆ ಪುಡಿ. ಅದಿರಿನಿಂದ ಶುರು ಮಾಡುವುದಕ್ಕೆ ಹೋಲಿಸಿದರೆ ಖರ್ಚು ತೀರಾ ಕಡಿಮೆ.

ಆದರೆ ಸತು ಏನನ್ನೂ ಸೋಸುವುದಿಲ್ಲ. ಹಾಕಿದ್ದೇ ವಾಪಸ್ ಬರುತ್ತದೆ. ಬಂಡೆ ಕೊರೆಯುವ ಬಟನ್‌ನಲ್ಲಿ ಕಾರ್ಬೈಡ್ ಕಾಳು ದಪ್ಪ, ಪೆಟ್ಟು ತಡೆಯಲಿ ಅಂತ. ಲೇತ್ ತುದಿಗಳಲ್ಲಿ ಕಾಳು ಸಣ್ಣ, ಜೊತೆಗೆ ಟೈಟಾನಿಯಂ, ಟ್ಯಾಂಟಲಂ. ಬೆಸುಗೆ ಹಾಕಿದ ತುದಿಯಾದರೆ ತಾಮ್ರವೂ ಅಂಟಿರುತ್ತದೆ. ಎಲ್ಲ ಒಂದೇ ಚೀಲಕ್ಕೆ ಬಿದ್ದರೆ ಅದರಿಂದಾದ ಬಟನ್ ಕಲ್ಲಿಗೆ ತಾಗಿದಾಗ ಚಕ್ಕೆ ಏಳಬಹುದು. ಬೈಗುಳ ಮಾತ್ರ ಸುಮ್ನೆ 'ಹಳೇ ಲೋಹ'ಕ್ಕೆ, ಬೆರಕೆಯ ಮಾತು ಯಾರೂ ಎತ್ತುವುದಿಲ್ಲ. ರಾಸಾಯನಿಕದಲ್ಲಿ ಕರಗಿಸಿ ಮತ್ತೆ ಟಂಗ್‌ಸ್ಟನ್ ಲವಣದಿಂದ ಶುರು ಮಾಡುವ ದಾರಿಯೂ ಇದೆ. ಅದರಲ್ಲಿ ಹೊಸದು ಹಳೇದು ಅನ್ನುವ ಭೇದವೇ ಉಳಿಯಲ್ಲ, ಖರ್ಚು ಮಾತ್ರ ಜಾಸ್ತಿ.

ಜಗತ್ತಿನ ಗಣಿಗಳಿಂದ ಬರುವ ಟಂಗ್‌ಸ್ಟನ್‌ನಲ್ಲಿ ಸುಮಾರು ಶೇ. 80 ಚೀನಾದ್ದು. 2025ರ ಫೆಬ್ರವರಿಯಲ್ಲಿ ಅದರ ರಫ್ತಿಗೆ ಲೈಸೆನ್ಸ್ ಬೇಕು ಅಂತಾಯಿತು, ಬೆಲೆ ಏರಿತು. ನಮ್ಮ ರಾಜಸ್ಥಾನದ ಡೇಗಾನಾ ಗಣಿ ಮುಚ್ಚಿ ಎಷ್ಟೋ ವರ್ಷ. ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಉಳಿದ ಪುಡಿಯ ಸಯನೈಡ್ ಗುಡ್ಡಗಳಲ್ಲಿ ಒಂದಿಷ್ಟು ಟಂಗ್‌ಸ್ಟನ್ ಇದೆ, ಅಲ್ಲೇ ಕೂತಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ನಿರ್ಣಾಯಕ (ಕ್ರಿಟಿಕಲ್) ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿಯ ಯೋಜನೆ ಒಪ್ಪಿತು.

ಬಿಟ್‌ನಿಂದ ಬಟನ್ ಬಿಡಿಸಬೇಕಾದರೆ ಉಕ್ಕನ್ನು ಚೆನ್ನಾಗಿ ಕಾಯಿಸಬೇಕು. ಉಕ್ಕು ಹಿಗ್ಗುತ್ತದೆ, ಹಿಡಿತ ಸಡಿಲವಾಗಿ ಬಟನ್ ಈಚೆ ಬರುತ್ತದೆ. ಅಷ್ಟು ತಾಳ್ಮೆ ಇಲ್ಲದ ಕಡೆ ಬಿಟ್ ಬಟನ್ ಸಮೇತ ಗುಜರಿ ತಕ್ಕಡಿ ಏರುತ್ತದೆ, ಕಬ್ಬಿಣದ ರೇಟಿಗೆ.